ಆಲ್ಡರ್ಸ್‌ಗೇಟ್ ರಸ್ತೆಯಿಂದ ಬಳ್ಳಾರಿಗೆ: ಹಂಚುವುದು ಮತ್ತು ಹಂಚಿಕೊಳ್ಳುವುದು

ಲಂಡನ್ನಿನ ಸೇಂಟ್ ಪಾಲ್ಸ್ ಕೆಥೀಡ್ರಲ್‌ನಿಂದ ಉತ್ತರಕ್ಕೆ ಸ್ವಲ್ಪ ನಡೆದರೆ ಆಲ್ಡರ್ಸ್‌ಗೇಟ್ ಸ್ಟ್ರೀಟ್ ಸಿಗುತ್ತೆ. ನೋಡೋಕೆ ಅಂಥಾ ವಿಶೇಷ ಏನಿಲ್ಲ. ಗಾಜಿನ ಆಫೀಸುಗಳು, ಬಾರ್ಬಿಕನ್‌ನ ಕಾಂಕ್ರೀಟ್ ಗೋಪುರಗಳು, ಕೈಯಲ್ಲಿ ಕಾಫಿ ಲೋಟ ಹಿಡಿದು ಓಡೋ ನಮ್ಮಂಥ ಸಾಫ್ಟ್‌ವೇರ್ ಮಂದಿ. ಆದರೆ ಕನ್ನಡದ ಇತಿಹಾಸದ ಒಂದು ಎಳೆ, ಅಲ್ಲ, ಎರಡು ಎಳೆ, ಈ ರಸ್ತೆಯಿಂದ ಹೊರಡುತ್ತವೆ.

ಮೊದಲನೆಯದು 1738ರ ಮೇ 24ರದ್ದು. ಈ ರಸ್ತೆಯಲ್ಲಿ ನಡೆದ ಒಂದು ಸಣ್ಣ ಪ್ರಾರ್ಥನಾ ಕೂಟಕ್ಕೆ ಜಾನ್ ವೆಸ್ಲಿ ಅನ್ನೋ ಪಾದ್ರಿ ಹೋಗಿದ್ದರು. ಅಲ್ಲಿ ಯಾರೋ ಮಾರ್ಟಿನ್ ಲೂಥರ್‌ನ ಬರಹ ಓದ್ತಾ ಇದ್ದಾಗ ತಮ್ಮ ಒಳಗೇನೋ ಬದಲಾಯಿತು ಅಂತ ಅವರು ಬರೆದುಕೊಂಡಿದ್ದಾರೆ. ಮೆಥಡಿಸ್ಟ್ ಪಂಥದ ಕಥೆ ಹೇಳೋರೆಲ್ಲ ಇಲ್ಲಿಂದಲೇ ಶುರು ಮಾಡ್ತಾರೆ. ಎರಡನೆಯದು 1795ರ ಸೆಪ್ಟೆಂಬರ್‌ನದ್ದು. ಇದೇ ರಸ್ತೆಯ 'ಕ್ಯಾಸಲ್ ಅಂಡ್ ಫಾಲ್ಕನ್' ಅನ್ನೋ ಛತ್ರದಲ್ಲಿ ಬೇರೆ ಬೇರೆ ಪಂಥದ ಒಂದಷ್ಟು ಜನ ಸೇರಿ ಒಂದು ಸಂಘ ಕಟ್ಟಿದರು. ಅದೇ ಮುಂದೆ ಲಂಡನ್ ಮಿಷನರಿ ಸೊಸೈಟಿ ಅಂತ ಹೆಸರಾಯಿತು. ಆಫ್ರಿಕಾಕ್ಕೆ ಹೋದ ಡೇವಿಡ್ ಲಿವಿಂಗ್‌ಸ್ಟನ್ ಇವರ ಕಡೆಯವರೇ.

ಈ ಎರಡು ಎಳೆ ಹಿಡ್ಕೊಂಡು ಹೋದರೆ ನಾವು ಬಂದು ನಿಲ್ಲೋದು ಎಲ್ಲಿ ಗೊತ್ತಾ? ಬಳ್ಳಾರಿ, ಬೆಂಗಳೂರು ಪೇಟೆ, ಗುಬ್ಬಿ, ಮೈಸೂರು!

ಮಿಷನರಿ ಅಂದ ತಕ್ಷಣ ಕನ್ನಡಿಗರಿಗೆ ನೆನಪಾಗೋದು ಕಿಟ್ಟೆಲ್, ಮತ್ತೆ 1843ರ 'ಮಂಗಳೂರ ಸಮಾಚಾರ' ತಂದ ಮೋಗ್ಲಿಂಗ್. ಇಬ್ಬರೂ ಜರ್ಮನ್ನರು, ಬಾಸೆಲ್ ಮಿಷನ್ನಿನವರು. ಲಂಡನ್ನಿನ ಪಾಲು ಅಷ್ಟಾಗಿ ಗೊತ್ತಿಲ್ಲ. ಅದನ್ನ ಹೇಳೋಣ ಅಂತಲೇ ಈ ಬರಹ. ಜೊತೆಗೆ ಒಂದು ಪ್ರಶ್ನೆನೂ ಇದೆ. ನಂಬಿಕೆಯನ್ನ ಇನ್ನೊಬ್ಬರ ಜೊತೆ ಹಂಚಿಕೊಳ್ಳೋದು ಅಂದರೆ ಏನು? ನಮ್ಮ ಭಾಷೆಯಲ್ಲಿ 'ಹಂಚು' ಬೇರೆ, 'ಹಂಚಿಕೊಳ್ಳು' ಬೇರೆ. ಹಂಚೋನು ಮೇಲೆ ನಿಂತು ಕೊಡ್ತಾನೆ, ಅವನ ಕೈ ಮಾತ್ರ ಚಾಚುತ್ತೆ. ಹಂಚಿಕೊಳ್ಳೋನು ಪಕ್ಕದಲ್ಲಿ ಕೂತು ತಾನೂ ತಗೋತಾನೆ. ಆ 'ಕೊಳ್ಳು' ಅನ್ನೋ ಪುಟ್ಟ ಬಾಲದಲ್ಲೇ ಈ ಇನ್ನೂರು ವರ್ಷದ ಕಥೆ ಪೂರ್ತಿ ಇದೆ ಅನ್ನೋದು ನನ್ನ ಅನಿಸಿಕೆ.

ಕಂಪನಿಗೆ ಬೇಡವಾಗಿತ್ತು

ಈಸ್ಟ್ ಇಂಡಿಯಾ ಕಂಪನಿ ಮತ್ತು ಮಿಷನರಿಗಳು ಒಂದೇ ಹಡಗಲ್ಲಿ ಕೈಕೈ ಹಿಡ್ಕೊಂಡು ಬಂದರು ಅಂತ ನಾವು ಅಂದ್ಕೊಂಡಿರ್ತೀವಿ. ವಿಷಯ ಅಷ್ಟು ಸರಳ ಅಲ್ಲ. ಲೆಡನ್‌ಹಾಲ್ ಸ್ಟ್ರೀಟ್‌ನಲ್ಲಿ, ಇವತ್ತು ಲಾಯ್ಡ್ಸ್ ಕಟ್ಟಡ ಇರೋ ಜಾಗದಲ್ಲಿ, ಕಂಪನಿಯ ಕೇಂದ್ರ ಕಚೇರಿ ಇತ್ತು. ಅಲ್ಲಿ ಕೂತವರಿಗೆ ಮಿಷನರಿ ಅಂದರೆ ತಲೆನೋವು. ಅವರಿಗೆ ಬೇಕಾಗಿದ್ದು ಲಾಭ. ಜನರ ದೇವರು, ಜಾತಿ ವಿಷಯಕ್ಕೆ ಕೈ ಹಾಕಿದರೆ ವ್ಯಾಪಾರ ಕೆಡುತ್ತೆ ಅನ್ನೋ ಭಯ. 1806ರ ವೆಲ್ಲೂರು ಸಿಪಾಯಿ ದಂಗೆ ಆದಮೇಲೆ ಆ ಭಯ ಇನ್ನೂ ಜಾಸ್ತಿಯಾಯ್ತು.

ಇದನ್ನ ಬದಲಾಯಿಸಿದ್ದು ಥೇಮ್ಸ್ ನದಿಯ ದಕ್ಷಿಣಕ್ಕಿರೋ ಕ್ಲಾಪ್‌ಹಮ್‌ನ ಗೆಳೆಯರ ಗುಂಪು. ಗುಲಾಮರ ವ್ಯಾಪಾರದ ವಿರುದ್ಧ ಹೋರಾಡಿದ ವಿಲಿಯಂ ವಿಲ್ಬರ್‌ಫೋರ್ಸ್, ಕಂಪನಿಯ ಒಳಗೇ ಇದ್ದ ಚಾರ್ಲ್ಸ್ ಗ್ರಾಂಟ್ ಇವರೆಲ್ಲ ಸೇರಿ ಪಾರ್ಲಿಮೆಂಟಿನಲ್ಲಿ ಒತ್ತಡ ಹಾಕಿದರು. 1813ರಲ್ಲಿ ಕಂಪನಿಯ ಸನ್ನದು ನವೀಕರಣ ಆದಾಗ ಮಿಷನರಿಗಳಿಗೆ ದಾರಿ ಬಿಡಿಸಿದರು. ಮನುಷ್ಯರನ್ನ ಮಾರಬಾರದು ಅಂತ ಹೋರಾಡಿದ ಅದೇ ಬಾಯಿ ಹಿಂದೂ ಧರ್ಮದ ಬಗ್ಗೆ ಪಾರ್ಲಿಮೆಂಟಿನಲ್ಲಿ ಬಹಳ ಕಟುವಾಗಿ ಮಾತಾಡಿತು. ಎರಡೂ ಅದೇ ಮನುಷ್ಯ, ಎರಡೂ ಅದೇ ನಂಬಿಕೆಯಿಂದ. ಇದನ್ನ ನೆನಪಲ್ಲಿ ಇಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಬಳ್ಳಾರಿಯಲ್ಲಿ ವಿದ್ಯಾರ್ಥಿ

ಸನ್ನದು ಬದಲಾಗೋಕೂ ಮುಂಚೆಯೇ, 1810ರಲ್ಲಿ, ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದರು. 1800ರಲ್ಲಿ ನಿಜಾಮರು ಬಿಟ್ಟುಕೊಟ್ಟ ಸೀಮೆ ಅದು. ಕಂಪನಿಯ ದಂಡು ಅಲ್ಲಿತ್ತು. ಹ್ಯಾಂಡ್ಸ್ ಬಂದಿದ್ದು ಬೋಧನೆ ಮಾಡೋಕೆ. ಆದರೆ ಬಾಯಿ ತೆರೆದರೆ ಅರ್ಥ ಆಗೋದು ಯಾರಿಗೆ? ಆಗ ಕನ್ನಡ ಕಲಿಯೋಕೆ ಅಚ್ಚಾದ ವ್ಯಾಕರಣ ಇರಲಿಲ್ಲ, ಅಚ್ಚಾದ ನಿಘಂಟೂ ಇರಲಿಲ್ಲ. ವಿಲಿಯಂ ಕೇರಿ ಬಂಗಾಳದ ಶ್ರೀರಾಮಪುರದಲ್ಲಿ ಕೂತು ಬರೆದ ಕನ್ನಡ ವ್ಯಾಕರಣ ಬಂದಿದ್ದು 1817ರಲ್ಲಿ. ಆ ಶ್ರೀರಾಮಪುರದ ಪ್ರೆಸ್ಸೂ 1812ರ ಮಾರ್ಚ್‌ನಲ್ಲಿ ಬೆಂಕಿಗೆ ಆಹುತಿಯಾಗಿ ಎಷ್ಟೋ ಭಾಷೆಗಳ ಹಸ್ತಪ್ರತಿ, ಅಚ್ಚಿನ ಮೊಳೆ ಎಲ್ಲ ಸುಟ್ಟುಹೋಗಿದ್ದವು. ಬ್ಯಾಕಪ್ ಇಲ್ಲದ ಕಾಲ ಸ್ವಾಮಿ!

ಹಾಗಾಗಿ ಕಲಿಸೋಕೆ ಬಂದವರು ಮೊದಲು ಕಲಿಯೋಕೆ ಕೂರಬೇಕಾಯ್ತು. ಊರಿನ ಮುನ್ಷಿಗಳು, ಪಂಡಿತರು ಮೇಷ್ಟ್ರಾದರು. ಲಂಡನ್ನಿನಿಂದ 'ಬೆಳಕು ತಂದಿದ್ದೀವಿ' ಅಂತ ಹೊರಟವರು ಬಳ್ಳಾರಿಯಲ್ಲಿ ಅ ಆ ಇ ಈ ತಿದ್ದಿದರು. ಪೂರ್ತಿ ಬೈಬಲ್ ಕನ್ನಡದಲ್ಲಿ ಅಚ್ಚಾಗಿ ಹೊರಬಂದಾಗ 1831. ಅಂದರೆ ಬಂದು 21 ವರ್ಷ. ಇದರ ಹಿಂದೆ ನಿಂತಿದ್ದು ಇನ್ನೊಂದು ಲಂಡನ್ ಸಂಸ್ಥೆ, 1804ರಲ್ಲಿ ಬಿಷಪ್ಸ್‌ಗೇಟ್‌ನ ಲಂಡನ್ ಟ್ಯಾವರ್ನ್‌ನಲ್ಲಿ ಹುಟ್ಟಿದ ಬೈಬಲ್ ಸೊಸೈಟಿ.

ಹ್ಯಾಂಡ್ಸ್ ಜೊತೆಗಿದ್ದ ವಿಲಿಯಂ ರೀವ್ ನಿಘಂಟಿನ ಕೆಲಸ ಹಿಡಿದರು. ಅವರ ಇಂಗ್ಲಿಷ್-ಕನ್ನಡ ನಿಘಂಟು 1824ರದ್ದು, ಕನ್ನಡ-ಇಂಗ್ಲಿಷ್ ನಿಘಂಟು 1832ರದ್ದು. ಕಿಟ್ಟೆಲ್ ನಿಘಂಟು ಬಂದಿದ್ದು 1894ರಲ್ಲಿ, ಅಂದರೆ ಅದಕ್ಕೂ ಅರವತ್ತು ವರ್ಷ ಮುಂಚೆ ರೀವ್ ಗದ್ದೆ ಉತ್ತಿದ್ದರು. ಇನ್ನೊಂದು ಮಾತು. ಮೋಗ್ಲಿಂಗ್ ಅವರ 'ಮಂಗಳೂರ ಸಮಾಚಾರ' ಮೊದಲು ಕಲ್ಲಚ್ಚಿನಲ್ಲಿ ಬರ್ತಿತ್ತು. 1844ರಲ್ಲಿ ಪತ್ರಿಕೆ ಬಳ್ಳಾರಿಗೆ ಬಂದು, ಲಂಡನ್ ಮಿಷನ್ನಿನ ಪ್ರೆಸ್ಸಿನಲ್ಲಿ ಮೊಳೆ ಅಚ್ಚಿನಲ್ಲಿ 'ಕಂನಡ ಸಮಾಚಾರ' ಅಂತ ಹೊರಟಿತು.

'ಸತ್ಯವೇದ' ಅನ್ನೋ ಒಂದು ಪದ

ಅನುವಾದ ಮಾಡಿದವರಿಗೆ ಗೊತ್ತು, ಪದ ಹುಡುಕೋದು ಎಂಥ ಕಷ್ಟ ಅಂತ. ನಾವು ಸಾಫ್ಟ್‌ವೇರ್‌ಗೆ ಕನ್ನಡ ಪದ ಸಿಗದೆ ಸಾಫ್ಟ್‌ವೇರ್ ಅಂತಲೇ ಬರೀತೀವಿ. ಆದರೆ ದೇವರ ವಿಷಯ ಹೇಳೋರಿಗೆ ಹಾಗೆ ಮಾಡೋಕೆ ಆಗಲ್ಲ. ಅಡುಗೆಮನೆಯಲ್ಲಿರೋ ಅಜ್ಜಿಗೆ ಅರ್ಥ ಆಗಬೇಕಲ್ಲ?

ಪ್ರೊಟೆಸ್ಟಂಟರ ಕನ್ನಡ ಬೈಬಲ್ಲಿನ ಪದಗಳನ್ನ ನೋಡಿ. ಬ್ಯಾಪ್ಟಿಸಂಗೆ 'ದೀಕ್ಷಾಸ್ನಾನ'. ದೀಕ್ಷೆ ಅಂದರೆ ನಮ್ಮ ವೀರಶೈವ ಮಠಗಳಲ್ಲಿ, ಜೈನ ಬಸದಿಗಳಲ್ಲಿ ಶತಮಾನಗಳಿಂದ ಕೇಳಿದ ಮಾತು. ಸಂತೋಷದ ಸುದ್ದಿಗೆ 'ಸುವಾರ್ತೆ'. ಚರ್ಚಿಗೆ 'ಸಭೆ'. ಇನ್ನು ಕೃಪೆ, ಭಕ್ತಿ, ಆತ್ಮ... ಯಾವುದೂ ಇಂಗ್ಲೆಂಡಿನಿಂದ ಬಂದಿದ್ದಲ್ಲ. ಎಲ್ಲ ನಮ್ಮ ಕಣಜದ್ದೇ. ತಮ್ಮ ನಂಬಿಕೆ ಹೇಳೋಕೆ ಅವರು ನಮ್ಮ ನಂಬಿಕೆಗಳ ಹತ್ತಿರ ಸಾಲ ಕೇಳಲೇಬೇಕಾಯ್ತು.

ಇನ್ನು ಗ್ರಂಥದ ಹೆಸರೇ 'ಸತ್ಯವೇದ'. ಈ ಪದದ ಮೇಲೆ ಒಂದು ನಿಮಿಷ ನಿಲ್ಲಿ. 'ವೇದ' ಅಂದಾಗ ನಮ್ಮಿಂದ ಒಂದು ಪೂಜ್ಯವಾದ ಪದ ತಗೊಂಡರು, ಅದರಲ್ಲಿ ಗೌರವ ಇದೆ. 'ಸತ್ಯ' ಅಂತ ಮುಂದೆ ಸೇರಿಸಿದಾಗ, ಹಾಗಾದ್ರೆ ನಿಮ್ಮದು ಏನು ಅನ್ನೋ ಪ್ರಶ್ನೆನೂ ಜೊತೆಗೆ ಇಟ್ಟರು. ನಾಲ್ಕಕ್ಷರದ ಒಂದೇ ಪದದಲ್ಲಿ ಸಾಲನೂ ಇದೆ, ಸವಾಲೂ ಇದೆ. ಮಿಷನರಿ ಇತಿಹಾಸವನ್ನ ಒಂದೇ ಪದದಲ್ಲಿ ಹೇಳು ಅಂದರೆ ನಾನು ಇದನ್ನೇ ಹೇಳ್ತೀನಿ.

ಕತ್ತಲೆ ತೋರಿಸಿ ಕಾಸು ಎತ್ತಿದ್ದು

ಬರೀ 'ಕನ್ನಡ ಸೇವೆ' ಅಂತ ಹಾಡಿ ಹೊಗಳಿ ಮುಗಿಸಿದರೆ ಅದು ಪ್ರಾಮಾಣಿಕತೆ ಅಲ್ಲ. ಇದೇ ಸೊಸೈಟಿ ಲಂಡನ್ನಿನಲ್ಲಿ ಒಂದು ವಸ್ತುಸಂಗ್ರಹಾಲಯ ಇಟ್ಟಿತ್ತು. ಮೊದಲು ಆಸ್ಟಿನ್ ಫ್ರಯರ್ಸ್‌ನಲ್ಲಿ, ಆಮೇಲೆ ಬ್ಲೂಮ್‌ಫೀಲ್ಡ್ ಸ್ಟ್ರೀಟ್‌ನಲ್ಲಿ. ಹೊರದೇಶಗಳ ಜನ ಬಿಟ್ಟುಕೊಟ್ಟ ದೇವರ ಮೂರ್ತಿಗಳನ್ನ ಅಲ್ಲಿ ಗೆದ್ದ ಟ್ರೋಫಿಗಳ ಹಾಗೆ ಜೋಡಿಸಿದ್ದರು. ಪೆಸಿಫಿಕ್ ದ್ವೀಪವೊಂದರಿಂದ ಬಂದ ಪ್ರಸಿದ್ಧ 'ಆಆ' ಮೂರ್ತಿ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ, ಅದು ಈ ಸಂಗ್ರಹದಿಂದಲೇ ಹೋಗಿದ್ದು. ಮಿಷನ್ ಪತ್ರಿಕೆಗಳಿಗೆ ಇನ್ನೊಂದು ಕಷ್ಟ ಇತ್ತು. ಇಂಗ್ಲೆಂಡಿನ ಬಡ ಮಕ್ಕಳು ಕೂಡ ಪೆನ್ನಿ ಪೆನ್ನಿ ಕೂಡಿಸಿ ಕೊಡ್ತಿದ್ದರು, 1844ರಲ್ಲಿ ಮಕ್ಕಳ ದುಡ್ಡಿನಲ್ಲೇ 'ಜಾನ್ ವಿಲಿಯಮ್ಸ್' ಅನ್ನೋ ಹಡಗು ಕೊಂಡರು. ಹಾಗೆ ದುಡ್ಡು ಬರಬೇಕಾದರೆ ಆ ಕಡೆ ಕತ್ತಲೆ ಎಷ್ಟು ದಟ್ಟವಾಗಿದೆ ಅಂತ ಹೇಳ್ತಾನೇ ಇರಬೇಕು. ನಮ್ಮ ಊರುಗಳು ಲಂಡನ್ ಓದುಗರಿಗೆ ಕಂಡಿದ್ದು ಬಹಳ ಸಲ ಈ ಕನ್ನಡಕದಲ್ಲಿ. ಇದು ಬರೀ ಹಂಚುವಿಕೆ, 'ಕೊಳ್ಳು' ಇಲ್ಲದ್ದು.

ಆದರೆ ದೂರದ ಕಚೇರಿ ಒಂದು ಥರ, ಊರಲ್ಲಿ ಬಾಳುವವರು ಇನ್ನೊಂದು ಥರ. ವೆಸ್ಲಿಯ ಎಳೆಯಲ್ಲಿ ಬಂದ ಮೆಥಡಿಸ್ಟರ ಬೆಂಗಳೂರು ಪ್ರೆಸ್ಸು 1849ರಲ್ಲಿ ಏನು ಅಚ್ಚು ಹಾಕಿತು ಗೊತ್ತಾ? ಭಗವದ್ಗೀತೆ! ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರೂ ಅಕ್ಕಪಕ್ಕ. ಸಂಪಾದಕರು ಪಾದ್ರಿ ಜಾನ್ ಗ್ಯಾರೆಟ್. ಇದೇ ಗ್ಯಾರೆಟ್ 1858ರಲ್ಲಿ ಶುರುವಾದ ಬೆಂಗಳೂರು ಹೈಸ್ಕೂಲಿನ ಮೊದಲ ಮುಖ್ಯಸ್ಥರು. ಆ ಹೈಸ್ಕೂಲೇ ನಮ್ಮ ಸೆಂಟ್ರಲ್ ಕಾಲೇಜು.

ನಡುವೆ ನಿಂತವರು

ನಾವು ಬಿಳಿಯರ ಹೆಸರನ್ನಷ್ಟೇ ಹೇಳ್ತೀವಿ. ಊರಿಗೆ ನಂಬಿಕೆಯನ್ನ ನಿಜವಾಗಿ ಕೊಂಡೊಯ್ದವರು, ಅದಕ್ಕೆ ಬೆಲೆ ಕೊಟ್ಟವರು ಇಲ್ಲಿಯವರೇ. ಸ್ಯಾಮ್ಯುಯೆಲ್ ಫ್ಲೇವೆಲ್ ಅಂತ ಒಬ್ಬರಿದ್ದರು. ಹೆಸರು ಇಂಗ್ಲಿಷ್, ಮನುಷ್ಯ ಈ ಮಣ್ಣಿನವರು. ಬೆಂಗಳೂರಿನಲ್ಲಿ, ಆಮೇಲೆ ಬಳ್ಳಾರಿಯಲ್ಲಿ ಬೋಧಕರಾಗಿ ಕೆಲಸ ಮಾಡಿ 1847ರಲ್ಲಿ ತೀರಿಕೊಂಡರು. ಅವರ ಬೋಧನೆಗಳನ್ನ ಬಿಳಿಯ ಮಿಷನರಿಗಳೇ ಸಂಗ್ರಹಿಸಿ ಪುಸ್ತಕ ಮಾಡಿದರು.

ಬಾಸೆಲ್ ಮಿಷನ್ ಕಡೆ ನೋಡಿದರೆ ಹರ್ಮನ್ ಆನಂದರಾವ್ ಕೌಂಡಿನ್ಯ. ಮಂಗಳೂರಿನ ಬ್ರಾಹ್ಮಣ ಹುಡುಗ, 1844ರ ಜನವರಿಯಲ್ಲಿ ದೀಕ್ಷಾಸ್ನಾನ ಪಡೆದಾಗ ಊರೇ ಗದ್ದಲ ಎದ್ದಿತು. ಆಮೇಲೆ ಬಾಸೆಲ್‌ಗೆ ಹೋಗಿ ಓದಿ, ಮಿಷನರಿಯಾಗಿ ವಾಪಸ್ ಬಂದರು. ಕೊಡಗಿನಲ್ಲಿ, ಕ್ರೈಸ್ತರಾದ ದಲಿತ ಕೂಲಿಗಳಿಗಾಗಿ ಎದ್ದ ಆನಂದಪುರ ಅನ್ನೋ ಊರಿಗೆ ಅವರದೇ ಹೆಸರು.

ಆ ಕಾಲಕ್ಕೆ ಮತ ಬದಲಾಯಿಸಿದರೆ ಮನೆ ಹೋಗ್ತಿತ್ತು, ಆಸ್ತಿ ಹೋಗ್ತಿತ್ತು. ಆಸ್ತಿ ಹಕ್ಕು ಉಳಿಸೋ ಕಾಯಿದೆ ಬಂದಿದ್ದೇ 1850ರಲ್ಲಿ. ಲಂಡನ್ನಿನಲ್ಲಿ ಕೂತು ಪೆನ್ನಿ ಹಾಕೋದು ಸುಲಭ. ಅಮ್ಮ ಊಟ ಬಡಿಸದ ಮನೆಯ ಬಾಗಿಲು ದಾಟಿ ಹೋಗೋದು ಬೇರೆ ಮಾತು. ಅವರ ಆಯ್ಕೆಯನ್ನ ಒಪ್ಪಿ, ಬಿಡಿ. ಆದರೆ 'ಯಾರೋ ಮರುಳು ಮಾಡಿದರು' ಅಂತ ಒಂದೇ ಮಾತಲ್ಲಿ ತಳ್ಳಿಹಾಕಿದರೆ ಅವರಿಗೂ ಒಂದು ಬುದ್ಧಿ, ಒಂದು ಮನಸ್ಸು ಇತ್ತು ಅನ್ನೋದನ್ನೇ ಮರೆತ ಹಾಗೆ.

ಹ್ಯಾರೋದಲ್ಲಿ ತೀರಿಕೊಂಡ ಬೆಂಗಳೂರಿನ ಮನುಷ್ಯ

ಈಗ ನನಗೆ ಬಹಳ ಇಷ್ಟವಾದ ಭಾಗ. ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ 1837ರಲ್ಲಿ ಬೆಂಗಳೂರಿಗೆ ಬಂದರು. 1887ರಲ್ಲಿ ಅಲ್ಲೇ ತೀರಿಕೊಂಡರು. ಐವತ್ತು ವರ್ಷ! ಕನ್ನಡ ಬೈಬಲ್ಲಿನ ಪರಿಷ್ಕರಣೆ, ಶಾಲೆ, ಪೇಟೆ ಬೀದಿಯ ಬೋಧನೆ. ಅವೆನ್ಯೂ ರೋಡಿನ ಗದ್ದಲದ ನಡುವೆ ಇರೋ ರೈಸ್ ಮೆಮೋರಿಯಲ್ ಚರ್ಚ್ ಇವರ ನೆನಪಿಗೇ.

ಅವರು ಬಂದ ವರ್ಷವೇ ಬೆಂಗಳೂರಿನಲ್ಲಿ ಹುಟ್ಟಿದ ಮಗ ಬೆಂಜಮಿನ್ ಲೂಯಿಸ್ ರೈಸ್. ಹೌದು, ನಮ್ಮ ಬಿ. ಎಲ್. ರೈಸ್, ಶಾಸನಗಳ ರೈಸ್. ಅವರು ಮಿಷನರಿ ಆಗಲಿಲ್ಲ, ಶಿಕ್ಷಣ ಇಲಾಖೆ ಸೇರಿದರು. ಶಾಲೆ ತನಿಖೆಗೆ ಹಳ್ಳಿ ಹಳ್ಳಿ ಸುತ್ತುವಾಗ ಕಂಡ ಕಲ್ಲುಗಳನ್ನ ಓದಿಸ್ತಾ ಹೋದರು. 'ಎಪಿಗ್ರಾಫಿಯ ಕರ್ನಾಟಿಕ'ದ 12 ಸಂಪುಟ, ಹತ್ತಿರ ಹತ್ತಿರ 9000 ಶಾಸನ! 1892ರಲ್ಲಿ ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಬೆಳಕಿಗೆ ತಂದಿದ್ದೂ ಇವರೇ. ಪಂಪನ ಭಾರತವನ್ನ 1898ರಲ್ಲಿ ಅಚ್ಚಿಗೆ ತಂದರು. ಇನ್ನೊಬ್ಬ ಮಗ ಇ. ಪಿ. ರೈಸ್ ಅಪ್ಪನ ಹಾದಿಯಲ್ಲೇ ಮಿಷನರಿಯಾಗಿ, 1915ರಲ್ಲಿ ಕನ್ನಡ ಸಾಹಿತ್ಯದ ಚರಿತ್ರೆಯನ್ನ ಇಂಗ್ಲಿಷಿನಲ್ಲಿ ಬರೆದರು.

ಅಪ್ಪ ತನ್ನ ಗ್ರಂಥ ಓದಿ ಅಂತ ಬಂದವರು, ಮಕ್ಕಳು ನಮ್ಮ ಗ್ರಂಥ ಓದ್ತಾ ಕೂತರು. ಇದನ್ನ ಅಪ್ಪನ ಸೋಲು ಅನ್ನೋರಿದ್ದಾರೆ. ನನಗೆ ಹಾಗನಿಸಲ್ಲ. ಅಷ್ಟು ವರ್ಷ ಒಂದು ಊರಿನ ಜೊತೆ ಬಾಳಿದರೆ ಅದು ಮನೆಯೊಳಗೆ ಬಂದೇ ಬರುತ್ತೆ. 'ಹಂಚು' ಅನ್ನೋದು 'ಹಂಚಿಕೊಳ್ಳು' ಆಗೋಕೆ ಒಂದು ತಲೆಮಾರು ಬೇಕಾಯ್ತು, ಅಷ್ಟೇ.

ಬಿ. ಎಲ್. ರೈಸ್ 1927ರ ಜುಲೈನಲ್ಲಿ ತೀರಿಕೊಂಡಿದ್ದು ಲಂಡನ್ನಿನ ವಾಯವ್ಯ ಅಂಚಿನ ಹ್ಯಾರೋದಲ್ಲಿ. ಇವತ್ತು ಇಡ್ಲಿ ಹಿಟ್ಟು, ಕರಿಬೇವಿಗೆ ನಾವೆಲ್ಲ ಹೋಗ್ತೀವಲ್ಲ, ಅದೇ ಹ್ಯಾರೋ.

ಬೋಧನೆ ಕೇಳದವರೂ ಹೋದ ಜಾಗ

ನಂಬಿಕೆಯನ್ನ ಬಾಯಲ್ಲಿ ಹೇಳೋದು ಒಂದು, ಬಾಳಿ ತೋರಿಸೋದು ಇನ್ನೊಂದು. ಮೈಸೂರಿನವರಿಗೆ ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆ ಗೊತ್ತಿರುತ್ತೆ. ಮೆಥಡಿಸ್ಟರು 1906ರಲ್ಲಿ ತೆರೆದಿದ್ದು. ಎಷ್ಟೋ ಮೈಸೂರಿಗರು ಹುಟ್ಟಿದ್ದೇ ಅಲ್ಲಿ. ಚಿಕ್ಕಬಳ್ಳಾಪುರದಲ್ಲಿ ಲಂಡನ್ ಮಿಷನ್ ಕಟ್ಟಿದ ಆಸ್ಪತ್ರೆಗೆ ವಾರ್ಡ್‌ಲಾ ಥಾಂಪ್ಸನ್ ಹೆಸರಿಟ್ಟರು. ಇವರು 33 ವರ್ಷ, 1881ರಿಂದ 1914ರವರೆಗೆ, ಲಂಡನ್ ಕಚೇರಿಯಲ್ಲಿ ಕೂತು ಸೊಸೈಟಿಯ ವಿದೇಶಿ ಕೆಲಸ ನಡೆಸಿದವರು. ಹುಟ್ಟಿದ್ದು ಎಲ್ಲಿ? ನಮ್ಮ ಬಳ್ಳಾರಿಯಲ್ಲಿ, 1842ರಲ್ಲಿ!

ಈ ಆಸ್ಪತ್ರೆ, ಶಾಲೆಗಳಿಗೆ ಬಂದವರಲ್ಲಿ ಹೆಚ್ಚಿನವರು ಕ್ರೈಸ್ತರಾಗಲಿಲ್ಲ. ಆದರೂ ಬಾಗಿಲು ಮುಚ್ಚಲಿಲ್ಲ. ಲೆಕ್ಕ ಹಾಕೋರಿಗೆ ಇದು ನಷ್ಟದ ಯೋಜನೆ. ಆದರೆ ನೂರು ವರ್ಷ ಆದಮೇಲೂ ಜನ ಪ್ರೀತಿಯಿಂದ ನೆನೆಯೋದು ಈ ಬಾಗಿಲನ್ನೇ ಹೊರತು ಸಂತೆಯಲ್ಲಿ ಹಂಚಿದ ಕರಪತ್ರವನ್ನಲ್ಲ.

ಇವತ್ತು

1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮತ್ತು ಲಂಡನ್ ಮಿಷನ್ ಪರಂಪರೆಯವರು ಒಂದಾಗಿ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿಎಸ್ಐ ಆಯಿತು. ಆಲ್ಡರ್ಸ್‌ಗೇಟ್‌ನ ಎರಡೂ ಎಳೆ ಲಂಡನ್ನಿನಲ್ಲಿ ಒಂದಾಗಲಿಲ್ಲ, ನಮ್ಮಲ್ಲಿ ಒಂದಾದವು! ಸೊಸೈಟಿ 1977ರಲ್ಲಿ ತನ್ನ ರೂಪವನ್ನೇ ಬದಲಾಯಿಸಿಕೊಂಡಿತು. ಕಳಿಸೋರು, ಪಡೆಯೋರು ಅನ್ನೋ ಭೇದ ಬಿಟ್ಟು, ಎಲ್ಲ ದೇಶದ ಸಭೆಗಳೂ ಸಮಾನ ಪಾಲುದಾರರು ಅನ್ನೋ ಕೌನ್ಸಿಲ್ ಫಾರ್ ವರ್ಲ್ಡ್ ಮಿಷನ್ ಆಯಿತು. 2012ರಲ್ಲಿ ಅದರ ಕೇಂದ್ರ ಲಂಡನ್ ಬಿಟ್ಟು ಸಿಂಗಪುರಕ್ಕೇ ಹೋಯ್ತು. ಹಳೇ ಕಾಗದ ಪತ್ರಗಳು ಮಾತ್ರ ರಸೆಲ್ ಸ್ಕ್ವೇರ್ ಪಕ್ಕದ ಸೋಯಾಸ್ ಗ್ರಂಥಾಲಯದಲ್ಲಿವೆ, ಮೆಥಡಿಸ್ಟರದ್ದೂ ಅಲ್ಲೇ. ಕನ್ನಡ ಇತಿಹಾಸದಲ್ಲಿ ಆಸಕ್ತಿ ಇರೋರು ಲಂಡನ್ನಿಗೆ ಬಂದರೆ ಲಂಡನ್ ಐ ಜೊತೆ ಇದನ್ನೂ ಪಟ್ಟಿಗೆ ಸೇರಿಸಿ.

ಊರಲ್ಲಿ ಈ ವಿಷಯ ಇನ್ನೂ ಬಿಸಿ. 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರು ಸೀಮೆಯ ಚರ್ಚುಗಳ ಮೇಲೆ ದಾಳಿ ಆಯ್ತು. 2022ರಲ್ಲಿ ಮತಾಂತರದ ಬಗ್ಗೆ ಕರ್ನಾಟಕದಲ್ಲಿ ಕಾನೂನು ಬಂತು, 2023ರ ಜೂನ್‌ನಲ್ಲಿ ಮುಂದಿನ ಸರ್ಕಾರದ ಸಂಪುಟ ಅದನ್ನ ರದ್ದು ಮಾಡೋ ತೀರ್ಮಾನ ಮಾಡಿತು. ನಮ್ಮ ಸಂವಿಧಾನದ 25ನೇ ವಿಧಿ ಧರ್ಮವನ್ನ ಆಚರಿಸೋಕೂ, ಪ್ರಚಾರ ಮಾಡೋಕೂ ಹಕ್ಕು ಕೊಟ್ಟಿದೆ. ಪ್ರಚಾರ ಅಂದರೆ ಇನ್ನೊಬ್ಬನನ್ನ ಮತಾಂತರಿಸೋ ಹಕ್ಕಲ್ಲ ಅಂತ ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿದೆ. ಕಾನೂನು ಇಷ್ಟು ಗೆರೆ ಎಳೆಯಬಹುದು. ಉಳಿದಿದ್ದು ಮನುಷ್ಯರ ನಡುವಿನ ಮರ್ಯಾದೆ.

ನಾವು ಕನ್ನಡಿಗರು ಮಿಷನರಿಗಳನ್ನ ಅವರು ಬಂದ ಕೆಲಸಕ್ಕೆ ಅನುಮಾನಿಸ್ತೀವಿ, ಬಾರದ ಕೆಲಸಕ್ಕೆ ಪ್ರತಿಮೆ ನಿಲ್ಲಿಸ್ತೀವಿ. ಕಿಟ್ಟೆಲ್‌ಗೆ ಬೆಂಗಳೂರಿನ ಎಂ. ಜಿ. ರಸ್ತೆಯಲ್ಲಿ ಪ್ರತಿಮೆ ಇದೆ, ಅದು ನಿಘಂಟಿಗೆ. ಆದರೆ ಆ ನಿಘಂಟನ್ನ ಮಾಡಿಸಿದ್ದೂ ಅದೇ ನಂಬಿಕೆ. ಒಂದನ್ನ ಇಟ್ಕೊಂಡು ಇನ್ನೊಂದನ್ನ ಕತ್ತರಿಸಿ ಬಿಸಾಡೋಕೆ ಆಗಲ್ಲ. ನಂಬಿಕೆ ಹಂಚೋಕೆ ಹೊರಟವನು ಎದುರಿನವನ ಭಾಷೆ ಕಲಿತು, ಅವನ ಅನ್ನ ಉಂಡು, ಅವನ ಪುಸ್ತಕ ಓದಿ, ಅವನು 'ಬೇಡ' ಅಂದಾಗಲೂ ಆಸ್ಪತ್ರೆ ಬಾಗಿಲು ತೆರೆದಿಟ್ಟರೆ, ಅಲ್ಲಿ ಉಳಿಯೋದು ಬೆಳಕು. ಟ್ರೋಫಿ ಎಣಿಸೋಕೆ ಕೂತರೆ ಉಳಿಯೋದು ಮ್ಯೂಸಿಯಂ.

ಅಂದ ಹಾಗೆ, 2015ರ ನವೆಂಬರ್‌ನಿಂದ ಲಂಡನ್ನಿನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ, ಥೇಮ್ಸ್ ದಡದಲ್ಲಿ, ನಮ್ಮ ಬಸವಣ್ಣ ನಿಂತಿದ್ದಾರೆ. ಅವತ್ತು ಇಲ್ಲಿಂದ ಬಳ್ಳಾರಿಗೆ ಹೋದವರು ದಾರಿ ಉದ್ದಕ್ಕೂ ಏನು ಕಲಿತರೋ, ಈ ಕಡೆ ಬಂದ ನಮಗೂ ಅದೇ ಪಾಠ ಅನ್ವಯ ಆಗುತ್ತೆ, ಅಲ್ವಾ? ಪಕ್ಕದ ಮನೆಯವನ ನಂಬಿಕೆ ಕೇಳಿಸಿಕೊಳ್ಳೋ ತಾಳ್ಮೆ ಇದ್ದರೆ ಮಾತ್ರ ನಮ್ಮದನ್ನ ಹೇಳೋ ಯೋಗ್ಯತೆ.

ನಿಮ್ಮೂರಲ್ಲೂ ಮಿಷನ್ ಶಾಲೆಯೋ, ಆಸ್ಪತ್ರೆಯೋ, ಹಳೇ ಪ್ರೆಸ್ಸೋ ಇದ್ದೀತು. ಅಜ್ಜ ಅಜ್ಜಿ ಅದರ ಬಗ್ಗೆ ಏನು ಹೇಳ್ತಿದ್ದರು? ಒಳ್ಳೇದಿರಲಿ, ಕಹಿ ಇರಲಿ, ಬರೆದು ತಿಳಿಸಿ.